ಜೀಪಿಗೆ ಹಲ್ಲಿಲ್ಲ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದು ಸರ್ಟಿಫಿಕೇಟು. ತ್ರಿಸ್ನೊ ಬೆಟ್ಟದ ಕೆಳಗಿನ ಪಟ್ಟಣದಲ್ಲಿ ಮೂರು ವರ್ಷ ಹಾಸ್ಟೆಲಿನಲ್ಲಿದ್ದು, ತಾಂತ್ರಿಕ ಶಾಲೆಯ ವಾಹನ ವಿಭಾಗ ಪಾಸು ಮಾಡಿಕೊಂಡು ಬಂದದ್ದೇ ತಡ, ಅವನಮ್ಮ ಆ ಕಾಗದಕ್ಕೆ ಗಾಜು ಹಾಕಿಸಿ ಒಲೆಯ ಪಕ್ಕದ ಗೋಡೆಗೆ ನೇತುಹಾಕಿದಳು. ಬ್ರೋಮೊ ಬೆಟ್ಟದ ಚಳಿಗೆ ಬಂದವರನ್ನೆಲ್ಲ ಕೂರಿಸುವುದು ಒಲೆಯ ಮುಂದೆಯೇ. ಹಾಗಾಗಿ ಊರಲ್ಲಿ ಆ ಕಾಗದ ನೋಡದವರು ಯಾರೂ ಉಳಿಯಲಿಲ್ಲ. ವಾಹನ ಅಂತ ಬರೆದಿದೆ ಅಂದಮೇಲೆ ಹುಡುಗನಿಗೆ ಜೀಪು ಓಡಿಸುವುದು ನೀರು ಕುಡಿದಷ್ಟು ಸುಲಭ ಅಂತ ಅವರೇ ತೀರ್ಮಾನ ಮಾಡಿಕೊಂಡರು.

ನಿಜ ಏನಪ್ಪಾ ಅಂದರೆ, ಆ ಶಾಲೆಯಲ್ಲಿದ್ದ ಒಂದೇ ಒಂದು ಜೀಪಿಗೆ ಚಕ್ರಗಳೇ ಇರಲಿಲ್ಲ. ನಾಲ್ಕು ಇಟ್ಟಿಗೆ ಗುಡ್ಡೆಗಳ ಮೇಲೆ ಮೂರು ವರ್ಷ ಕೂತಲ್ಲೇ ಕೂತಿತ್ತು. ಅದರ ಗೇರ್ ಬಾಕ್ಸನ್ನು ತ್ರಿಸ್ನೊ ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸಬಲ್ಲ. ಲೈಸೆನ್ಸೂ ಇತ್ತು, ಅದು ಸೋದರಮಾವನ ಎಲೆಕೋಸಿನ ಪಿಕಪ್ಪನ್ನು ಡಾಂಬರು ರಸ್ತೆಯಲ್ಲಿ ಓಡಿಸಿ ಪಡೆದದ್ದು. ಆದರೆ ಊರ ಕೊನೆಯಿಂದ, ಬೆಟ್ಟದ ಬುಡದಲ್ಲಿ ಹರಡಿದ ಮರಳು ಬಯಲಿಗೆ, ಅಂದರೆ ಮರಳುಗಡಲಿಗೆ ಇಳಿಯುವ ಆ ದಾರಿ, ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಬರೀ ಗಾಳಿ, ಅದನ್ನು ನೆನೆಸಿಕೊಂಡರೇ ಅವನ ಕೈಕಾಲು ತಣ್ಣಗಾಗುತ್ತಿದ್ದವು.

ಅವತ್ತು ಬೆಳಿಗ್ಗೆ ಜೀಪು ಸಂಘದ ಮುಖ್ಯಸ್ಥ ಪಾಕ್ ಮುಲ್ಯಾತ್ ತ್ರಿಸ್ನೊನ ಮನೆಗೆ ಬಂದು ಒಲೆಯ ಮುಂದೆ ಕೂತ. ಪಾಕ್ ಅನ್ನುವುದು ಅಲ್ಲಿ ಹಿರಿಯರಿಗೆ ಕೊಡುವ ಮರ್ಯಾದೆ, ಹೆಂಗಸರಿಗಾದರೆ ಬು. ಮಾತು ಕಮ್ಮಿ, ಮೀಸೆ ಜಾಸ್ತಿ. ಜೋಳದ ಅನ್ನ ಉಂಡು, ಸರ್ಟಿಫಿಕೇಟನ್ನು ಎರಡು ಸಲ ಓದಿ, ಚಳಿಗೆ ಹೆಗಲ ಮೇಲೆ ಹೊದ್ದ ಸಾರೊಂಗು ಪಂಚೆ ಸರಿ ಮಾಡಿಕೊಂಡು ಎದ್ದ.

"ಮೂವತ್ತೊಂದನೇ ನಂಬರು ಖಾಲಿ ಆಗಿದೆ. ಓಡಿಸ್ತಿದ್ದ ಅಜ್ಜಂಗೆ ಕಣ್ಣು ಮಂಜಾಯ್ತು. ಮಧ್ಯಾಹ್ನ ಬಾ. ಕೆಳಗಿಳಿದು, ಮರಳಲ್ಲಿರೋ ಗುಡಿ ಸುತ್ತಿ, ಹತ್ತಿ ತೋರಿಸು. ಇವತ್ತೇ ಆಗ್ಬೇಕು. ನಾಳೆ ಆಗಲ್ಲ."

ಈ ಊರಲ್ಲಿ ಜೀಪಿನ ಕೆಲಸ ಸುಮ್ಮನೆ ಸಿಗುವುದಿಲ್ಲ. ಎರಡು ವರ್ಷ ಜೀಪು ತೊಳೀಬೇಕು, ಎರಡು ವರ್ಷ ಜೀಪಿನ ಕೆಳಗೆ ಮಲಗಿ ಎಣ್ಣೆ ಕುಡೀಬೇಕು, ಒಂದು ವರ್ಷ ಚಾಲಕನ ಪಕ್ಕ ಕೂತು ಬೈಸಿಕೊಳ್ಳಬೇಕು. ಅಂಥದ್ದರಲ್ಲಿ ಶಾಲೆ ಬಿಟ್ಟ ತಿಂಗಳಿಗೇ ನಂಬರು ಸಿಗುವುದೆಂದರೆ ಲಾಟರಿ ಹೊಡೆದಂತೆ. ಅಮ್ಮ ಸೆರಗಿಂದ ಗಾಜು ಒರೆಸಿದಳು. ತ್ರಿಸ್ನೊ ಒಲೆಯ ಮುಂದಿನಿಂದ ಎದ್ದು ಹೊರಗೆ ಬಂದ.

ಅಂಗಳದಲ್ಲಿ ಅಪ್ಪ ಜಯಾದಿ ಕುದುರೆಯ ಜೀನಿಗೆ ಎಣ್ಣೆ ಹಚ್ಚುತ್ತಿದ್ದ. ಪ್ರವಾಸಿಗರನ್ನು ಕುದುರೆ ಮೇಲೆ ಕೂರಿಸಿಕೊಂಡು ಹೋಗುವುದು ಮೂರು ತಲೆಮಾರಿನ ಕಸುಬು. ಈಗಿನ ಕುದುರೆಯ ಹೆಸರು ಮಾನಿಸ್, ಸಿಹಿ ಅಂತ ಅರ್ಥ. ಹೆಸರಿಟ್ಟವನು ಅದರ ಬಾಯಿ ನೋಡಿರಲಿಲ್ಲ. ತ್ರಿಸ್ನೊ ಒಂಬತ್ತು ವರ್ಷದವನಿದ್ದಾಗ ಅದು ಅವನ ಹೆಗಲು ಕಚ್ಚಿ, ಬೀದಿಯವರೆಲ್ಲ ನೋಡುತ್ತಿರುವಂತೆ ಎತ್ತಿ ಕೋಸಿನ ಪಾತಿಗೆ ಎಸೆದಿತ್ತು. ಗಾಯ ಮಾಯಿತು, ಹೆದರಿಕೆ ಮಾಯಲಿಲ್ಲ. ಅವನು ವಾಹನ ವಿಭಾಗ ಸೇರಿದ್ದೇ ಒಂದು ಕಾರಣಕ್ಕೆ: ಜೀಪಿಗೆ ಹಲ್ಲಿಲ್ಲ.

"ನೋಡು ಲೇ," ಅಂದ ಅಪ್ಪ, ತಲೆಯೆತ್ತದೆ. "ಇವತ್ತು ಸಂಜೆಯೊಳಗೆ ಆ ನಂಬರು ತಗೊಂಡ್ರೆ ನೀನು ಜೀಪಿನವನು, ನಾನು ಅಡ್ಡ ಬರಲ್ಲ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಮಾನಿಸ್ ಹಗ್ಗ ನಿನ್ ಕೈಗೆ. ನಂಗೂ ಮಂಡಿ ನೋವು."

ಅಪ್ಪ ಇಷ್ಟು ಸಲೀಸಾಗಿ ಒಪ್ಪಿದ್ದು ತ್ರಿಸ್ನೊಗೆ ಆಶ್ಚರ್ಯವೇ. ಆದರೆ ಆ ಹೊತ್ತಿಗೆ ಮಾನಿಸ್ ಅವನ ಕಡೆ ಕತ್ತು ಚಾಚಿತು. ಅವನು ಬೇಲಿ ಹಾರಿ ಬೀದಿಗೆ ಬಿದ್ದ.

ಊರಲ್ಲಿ ಅವತ್ತು ಎಂದೂ ಇಲ್ಲದ ಗಡಿಬಿಡಿ. ಒಂದೇ ದಿನ ಎರಡು ಮದುವೆ. ಮೊದಲನೇ ಮದುವೆ ಮನೆ ದಾಟುತ್ತಿದ್ದಂತೆ ಎಳೆದು ಒಲೆಯ ಮುಂದೆ ಕೂರಿಸಿದರು. ಬೇಡ ಅನ್ನುವ ಹಾಗಿಲ್ಲ. ಉಣ್ಣದೆ ಎದ್ದರೆ ಮನೆಯವರ ಮುಖಕ್ಕೆ ಉಗಿದ ಹಾಗೆ. ಅನ್ನ, ಕೋಸಿನ ಪಲ್ಯ, ಒಣಮೀನು, ಕೆಂಡದಂಥ ಖಾರದ ಚಟ್ನಿ. ಉಂಡು ಹೊರಬಿದ್ದರೆ ಎರಡನೇ ಮನೆ. ಅಲ್ಲೂ ಅದೇ ಅನ್ನ, ಅದೇ ಮೀನು. ಎರಡು ಮದುವೆಯ ಊಟ ಹೊಟ್ಟೆಯಲ್ಲಿ ಹೊತ್ತುಕೊಂಡೇ ಮುಂದೆ ಹೊರಟ.

ಜೀಪುಗಳು ನಿಲ್ಲುವ ಬಯಲಲ್ಲಿ ಚಾಲಕರೆಲ್ಲ ಗಾಡಿ ತೊಳೆಯುತ್ತಿದ್ದರು. ಕೆಲವಕ್ಕೆ ಆಗಲೇ ಟಾರ್ಪಾಲು ಹೊದಿಸಿತ್ತು. ಲಿಸ್ವಾನ್ ಅನ್ನುವ ಚಾಲಕ ಬಕೆಟ್ಟು ಕೆಳಗಿಟ್ಟು ಬಂದ.

"ಏನೋ, ಹೆಣ ನೋಡ್ದೋರ ಥರ ಇದೀಯ?"

"ಏನಿಲ್ಲ ಅಣ್ಣ. ಇಳಿಜಾರಲ್ಲಿ ಬ್ರೇಕು..."

"ಬ್ರೇಕ್ ಮುಟ್ಟಲೇಬೇಡ. ಮುಟ್ಟಿದ್ಯೋ, ಜಾರ್ತು ಅಂತ್ಲೇ ಲೆಕ್ಕ. ಸಣ್ಣ ಗೇರಲ್ಲಿ ಬಿಡು, ಅದೇ ಇಳಿಯತ್ತೆ. ಇನ್ನೊಂದು ವಿಷ್ಯ ಗೊತ್ತಾ? ಪಾಕ್ ಮುಲ್ಯಾತ್ ಕೈಯಲ್ಲಿ ತುಂಬಿದ ಲೋಟ ಕಾಫಿ ಹಿಡ್ಕೊಂಡು ಕೂರ್ತಾರೆ. ಒಂದು ತೊಟ್ಟು ಅವರ ಸಾರೊಂಗ್ ಮೇಲೆ ಬಿತ್ತೋ, ಮುಂದಿನ ವರ್ಷ ಬಾ ಅಂತಾರೆ. ಹೋದ ಸಲ ಒಬ್ಬ ಮೊದಲನೇ ತಿರುವಲ್ಲೇ ವಾಪಸ್ ಬಂದ."

ತ್ರಿಸ್ನೊ ಮುಂದೆ ನಡೆದ. ಇಳಿಜಾರಿನ ತುದಿಯಲ್ಲಿ ನೂಡಲ್ಸ್ ಅಂಗಡಿಯ ಬು ರುಮಿಂತೆನ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಊರಿನ ಎಲ್ಲ ವಿಷಯಕ್ಕೂ ಆಕೆಯ ಮೂಗು ಮುಂದೆ.

"ಅವನ ಮಾತು ಕೇಳ್ಬೇಡ ಮಗಾ. ಬ್ರೇಕ್ ಮೇಲಿಟ್ಟ ಕಾಲು ತೆಗೀಲೇಬೇಡ. ಮತ್ತೆ ಕೆಳಗೆ ನೋಡ್ಬೇಡ. ನಮ್ಮ ಭಾವ ನೋಡಿದ್ರು, ಆಮೇಲೆ ಮೂರು ತಿಂಗಳು ಮಾತೇ ಆಡ್ಲಿಲ್ಲ."

ತ್ರಿಸ್ನೊ ಮೂವತ್ತೊಂದನೇ ನಂಬರಿನ ಜೀಪು ಹತ್ತಿ ಸ್ಟೇರಿಂಗ್ ಹಿಡಿದ ಮೇಲೆ ಪಾಕ್ ಮುಲ್ಯಾತ್ ಬಂದು ಪಕ್ಕದ ಸೀಟಿನಲ್ಲಿ ಕೂತ. ಕೈಯಲ್ಲಿ ಗಾಜಿನ ಲೋಟ, ಅಂಚಿನವರೆಗೂ ಕರಿಕಾಫಿ. ತ್ರಿಸ್ನೊ ಒಂದೇ ಸಲ ಅದನ್ನು ನೋಡಿ ಕಣ್ಣು ತೆಗೆದ. ಇನ್ನು ಮೇಲೆ ಏನೇ ಆದರೂ ಆ ಕಡೆ ನೋಡಬಾರದು ಅಂತ ಮನಸ್ಸಿನಲ್ಲೇ ಆಣೆ ಹಾಕಿಕೊಂಡ. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದ ಸದ್ದಾಯಿತು.

"ಹೇಗೂ ಕೆಳಗೆ ಹೋಗ್ತಿದೀಯಲ್ಲ," ಅಂದಳು ಬು ರುಮಿಂತೆನ್, ಒಂದು ದೊಡ್ಡ ಪಾತ್ರೆ ಬಿಸಿ ಸಾರು ಒಳಗೆ ತಳ್ಳಿ ತಾನೂ ಹತ್ತುತ್ತ. "ಗುಡಿ ಹತ್ರ ನನ್ ತಂಗಿ ಅಂಗಡಿಗೆ ಕೊಡ್ಬೇಕು. ಇವತ್ತೊಂದು ದಿನ ವ್ಯಾಪಾರ ಮಾಡ್ಕೊಳ್ಳಿ ಪಾಪ."

ಅವಳ ಹಿಂದೆಯೇ ಮೊದಲನೇ ಮದುವೆ ಮನೆಯ ಮದುಮಗಳ ಅತ್ತೆ, ಬುಟ್ಟಿಯಲ್ಲಿ ಜೀವಂತ ಕೋಳಿ ಇಟ್ಟುಕೊಂಡು ಹತ್ತಿದಳು. ಗುಡಿಗೆ ಒಪ್ಪಿಸಬೇಕಂತೆ. ಪಾಕ್ ಮುಲ್ಯಾತ್ ಏನಾದರೂ ಹೇಳಿಯಾನು ಅಂತ ತ್ರಿಸ್ನೊ ಕಾದ. ಮೀಸೆ ಅಲುಗಲಿಲ್ಲ.

ಜೀಪು ಮೂತಿ ಕೆಳಗೆ ಮಾಡಿತು. ಮುಂದೆ ರಸ್ತೆ ಕಾಣಲಿಲ್ಲ, ಆಕಾಶವೂ ಕಾಣಲಿಲ್ಲ. ತ್ರಿಸ್ನೊ ಸೀಟಿನಿಂದ ಜಾರಿ ಸ್ಟೇರಿಂಗಿಗೆ ನೇತುಬಿದ್ದ. ಬ್ರೇಕು ಮುಟ್ಟಬೇಕೋ ಬೇಡವೋ ತಿಳಿಯದೆ ಅವನ ಕಾಲು ಪೆಡಲಿನ ಮೇಲೆ ನಿಂತಲ್ಲೇ ನಡುಗತೊಡಗಿತು, ಜೊತೆಗೆ ಜೀಪೂ ಹೊಲಿಗೆ ಯಂತ್ರದಂತೆ ಟಕಟಕ ನಡುಗುತ್ತ ಇಳಿಯಿತು. ಹಿಂದೆ ಸಾರು ತುಳುಕಿತು, ಕೋಳಿ ಕೂಗಿತು, ಬು ರುಮಿಂತೆನ್ "ಬ್ರೇಕು, ಬ್ರೇಕು" ಅನ್ನುತ್ತ ಅವನ ಕತ್ತುಪಟ್ಟಿ ಹಿಡಿದು ಹಿಂದಕ್ಕೆಳೆದಳು. ಮದುಮಗಳ ಅತ್ತೆ ಮಾತ್ರ ಸದ್ದಿಲ್ಲದೆ ಪ್ರಾರ್ಥನೆ ಶುರುಮಾಡಿದಳು. ಅದು ಎಲ್ಲದಕ್ಕಿಂತ ಭಯಂಕರವಾಗಿತ್ತು.

ಮೊದಲನೇ ತಿರುವಲ್ಲಿ ಹೊರಗಡೆಯ ಚಕ್ರ ಅಂಚಿನ ಕಲ್ಲು ಸವರಿತು. ಸಣ್ಣ ಕಲ್ಲುಗಳು ಉರುಳಿಹೋದ ಸದ್ದು ಕೇಳಿಸಿತು, ಅವು ಕೆಳಗೆ ತಲುಪಿದ ಸದ್ದು ಕೇಳಿಸಲಿಲ್ಲ. ನಾನು ಸತ್ತೆ, ಅಂದುಕೊಂಡ ತ್ರಿಸ್ನೊ. ಸತ್ತರೆ ನಾಳೆ ಕುದುರೆಯ ಹಗ್ಗ ಹಿಡಿಯುವುದು ತಪ್ಪುತ್ತದಲ್ಲ ಅನ್ನುವ ಯೋಚನೆಯೂ ಬಂತು. ಅದರಿಂದ ಸ್ವಲ್ಪ ಧೈರ್ಯ ಬಂತು ಅಂತಲೇ ಹೇಳಬೇಕು.

ಹೇಗೋ ಚಕ್ರಗಳು ಮರಳು ಮುಟ್ಟಿದವು. ಗುಡಿ ಸುತ್ತಿದ್ದಾಯಿತು, ಉಳಿದಷ್ಟು ಸಾರು ಇಳಿಸಿದ್ದಾಯಿತು, ಕೋಳಿಯನ್ನೂ ಅತ್ತೆಯನ್ನೂ ಇಳಿಸಿದ್ದಾಯಿತು. ಜೀಪಿನಲ್ಲಿ ವಾಪಸ್ಸು ಹೋಗಲು ಅತ್ತೆ ಒಪ್ಪಲಿಲ್ಲ, ನಡೆದೇ ಬರ್ತೀನಿ ಅಂದಳು. ಇನ್ನು ಹತ್ತುವುದೊಂದೇ ಬಾಕಿ ಅನ್ನುವಾಗ ಮಂಜು ಇಳಿಯಿತು.

ಮರಳುಗಡಲಿನ ಮಂಜು ಬರುತ್ತೇನೆ ಅಂತ ಹೇಳಿ ಬರುವುದಿಲ್ಲ. ಒಂದು ಕ್ಷಣ ಬೆಟ್ಟವಿತ್ತು, ಮರುಕ್ಷಣ ಜೀಪಿನ ಮೂತಿಯೇ ಇರಲಿಲ್ಲ. ಚಕ್ರದ ಗುರುತುಗಳು ಕಾಣಲಿಲ್ಲ. ಎಡಕ್ಕೆ ತಿರುಗಿದರೆ ಮೆತ್ತನೆ ಮರಳು, ಹೂತುಹೋಗುತ್ತದೆ. ಬಲಕ್ಕೆ ಮಳೆನೀರು ಕೊರೆದ ಕಂದಕ. ತ್ರಿಸ್ನೊನ ಬೆನ್ನಲ್ಲಿ ಬೆವರು ಹರಿಯಿತು, ಆ ಚಳಿಯಲ್ಲೂ.

"ಪಾಕ್, ಯಾವ ಕಡೆ?" ಅಂದ, ಧ್ವನಿ ಇಲಿಯದಾಗಿತ್ತು.

ಪಾಕ್ ಮುಲ್ಯಾತ್ ಮೀಸೆ ಸವರಿಕೊಂಡ. ತಿರುಗಿ ಲೋಟದ ಕಡೆ ನೋಡುವ ಧೈರ್ಯ ತ್ರಿಸ್ನೊಗೆ ಇರಲಿಲ್ಲ.

ಆಗ ಮಂಜಿನೊಳಗಿಂದ ಒಂದು ಬಾಲ ಕಾಣಿಸಿತು. ಬಾಲದ ಮೇಲೆ ಕಂದು ಹಿಂಭಾಗ, ಅದರ ಎಡಕ್ಕೆ ಬಿಳಿ ಮಚ್ಚೆ. ಜಗತ್ತಿನ ಯಾವ ಮೂಲೆಯಲ್ಲಿ ತೋರಿಸಿದರೂ ತ್ರಿಸ್ನೊ ಆ ಹಿಂಭಾಗವನ್ನು ಗುರುತಿಸುತ್ತಿದ್ದ. ಮಾನಿಸ್. ಅಪ್ಪ ಯಾರೋ ದಪ್ಪ ಪ್ರವಾಸಿಯನ್ನು ಕೂರಿಸಿಕೊಂಡು ಊರಿನ ಕಡೆ ಹೊರಟಿದ್ದ. ಮಾನಿಸ್‌ಗೆ ಮಂಜಾದರೇನು, ಮನೆಯ ಹುಲ್ಲಿನ ವಾಸನೆ ಗೊತ್ತು.

ತ್ರಿಸ್ನೊ ಗೇರು ಸಣ್ಣದು ಮಾಡಿ ಹಿಂದೆ ಬಿದ್ದ. ತೀರಾ ಹತ್ತಿರ ಹೋದರೆ ಒದೆಯುತ್ತದೆ, ದೂರ ಉಳಿದರೆ ಮಂಜಿನಲ್ಲಿ ಮಾಯವಾಗುತ್ತದೆ. ನಾಲ್ಕು ಮಾರು ಅಂತರ ಬಿಟ್ಟು, ರೆಪ್ಪೆ ಬಡಿಯದೆ ಆ ಬಾಲವನ್ನೇ ನೋಡುತ್ತ, ಕುದುರೆ ನಿಂತಾಗ ನಿಂತು, ನಡೆದಾಗ ನಡೆದು, ಮರಳು ದಾಟಿ, ತಿರುವುಗಳನ್ನೆಲ್ಲ ಹತ್ತಿ ಊರು ಸೇರಿದ. ಬಂಡೆ ಯಾವ ಕಡೆ, ಪ್ರಪಾತ ಯಾವ ಕಡೆ ಅಂತಲೂ ನೋಡಲಿಲ್ಲ. ಬಾಲಕ್ಕಿಂತ ದೊಡ್ಡ ಅಪಾಯ ಅವನ ಕಣ್ಣಿಗೆ ಬೇರೊಂದು ಬೀಳಲೇ ಇಲ್ಲ.

ಬಯಲಲ್ಲಿ ಇಂಜಿನ್ನು ಆರಿಸಿದಾಗ ಸುತ್ತ ಹತ್ತಾರು ಜನ ಕೂಡಿದ್ದರು. ಬು ರುಮಿಂತೆನ್ ಇಳಿದು ಮೊದಲು ನೆಲ ಮುಟ್ಟಿ ನಮಸ್ಕಾರ ಮಾಡಿದಳು. ಪಾಕ್ ಮುಲ್ಯಾತ್ ತನ್ನ ಸಾರೊಂಗನ್ನು ಕೊಡವಿ ಎಲ್ಲರಿಗೂ ತೋರಿಸಿದ. ಒಂದು ಕಲೆಯಿಲ್ಲ. ಲೋಟದಲ್ಲಿ ಕಾಫಿಯೂ ಇರಲಿಲ್ಲ.

"ಕಾಫಿ ಎಲ್ಲಿ ಪಾಕ್?" ಅಂದ ಲಿಸ್ವಾನ್.

"ಮೊದಲನೇ ತಿರುವಲ್ಲೇ ಗಟಗಟ ಕುಡಿದುಬಿಟ್ಟೆ," ಅಂದ ಪಾಕ್ ಮುಲ್ಯಾತ್. ಮೂವತ್ತು ವರ್ಷದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಆಮೇಲೆ ಬಂತು. "ಇನ್ನೊಂದು ಲೋಟ ಕುಡಿಯೋಕೆ ಬದುಕಿರ್ತೀನೋ ಇಲ್ವೋ ಅನ್ನಿಸ್ತು. ಆದ್ರೆ ಚೆಲ್ಲಿಲ್ಲ ಅಂದ್ರೆ ಚೆಲ್ಲಿಲ್ಲ. ಮಂಜಲ್ಲಿ ಗಾಡಿ ಓಡಿಸೋರು ಬೇಕಾದಷ್ಟು ಜನ ಇದಾರೆ, ನಿಧಾನ ಮಾಡೋರು ಇಲ್ಲ. ತಗೋ."

ಬೆನ್ನ ಮೇಲೆ ಮೂವತ್ತೊಂದು ಅಂತ ಬರೆದ ಹಳದಿ ಅಂಗಿಯನ್ನೂ ಜೀಪಿನ ಕೀಲಿಯನ್ನೂ ಅವನ ಕೈಗೆ ಹಾಕಿದ. ತ್ರಿಸ್ನೊಗೆ ಅಳು ಬಂತು. ಅಂಗಿಯನ್ನು ಅಲ್ಲೇ ತೊಟ್ಟುಕೊಂಡ. ಇನ್ನು ಈ ಜನ್ಮದಲ್ಲಿ ಕುದುರೆಯ ಬಾಯಿಯ ಹತ್ತಿರ ಹೋಗಬೇಕಿಲ್ಲ ಅಂದುಕೊಂಡಾಗ ಆದ ಸಂತೋಷ ಅಷ್ಟಿಷ್ಟಲ್ಲ.

"ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರ್ಲಿ ಪಾಕ್?"

"ಯಾತಕ್ಕೆ?"

"ಜೀಪು ತೆಗೆಯೋಕೆ."

ಪಾಕ್ ಮುಲ್ಯಾತ್ ಟಾರ್ಪಾಲು ಹೊದಿಸಿದ ಜೀಪುಗಳ ಕಡೆ ಕೈ ತೋರಿಸಿದ. ಆಮೇಲೆ ಲಿಸ್ವಾನ್ ಬಕೆಟ್ಟಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಅಯ್ಯೋ ಮಗಾ," ಅಂದಳು ಬು ರುಮಿಂತೆನ್, "ಪಟ್ಟಣದ ಕ್ಯಾಲೆಂಡರ್ ನೋಡಿ ನೋಡಿ ಊರ ತಿಂಗಳೇ ಮರೆತ್ಯಾ? ಇವತ್ತು ಸೂರ್ಯ ಮುಳುಗಿದ್ರೆ ವ್ರತದ ಏಳನೇ ತಿಂಗಳು ಹುಟ್ಟತ್ತೆ. ಹೊಸ ಕೆಲಸ ಶುರುಮಾಡೋ ಹಾಗಿಲ್ಲ, ಮದುವೆ ಇಲ್ಲ. ಅದಕ್ಕೇ ಅಲ್ವಾ ಇವತ್ತೇ ಎರಡು ಮದುವೆ ಮುಗಿಸಿದ್ದು."

"ಒಂದು ತಿಂಗಳು ಮರಳಿನ ಮೇಲೆ ಯಾವ ಇಂಜಿನ್ನೂ ಇಳಿಯಲ್ಲ," ಅಂದ ಪಾಕ್ ಮುಲ್ಯಾತ್. "ಬೆಟ್ಟಕ್ಕೂ ಉಸಿರಾಡೋಕೆ ಬಿಡ್ಬೇಕು. ಕಳೀಲಿ, ಆಮೇಲೆ ಬಾ."

ಇಳಿಜಾರಿನ ತುದಿಯಲ್ಲಿ ಪೂಜಾರಿಯ ಕಡೆಯವರು ಅಡ್ಡಲಾಗಿ ಬಿದಿರು ಕಟ್ಟಿ ಎಳೆಗರಿಯ ತೋರಣ ಏರಿಸುತ್ತಿದ್ದರು. ಮಿಕ್ಕ ಮೂವತ್ತೇಳು ಜೀಪುಗಳೂ ಟಾರ್ಪಾಲು ಹೊದ್ದು ಮಲಗಿದ್ದವು.

"ಮತ್ತೆ ಪ್ರವಾಸಿಗರು?" ಅಂದ ತ್ರಿಸ್ನೊ. ಕೇಳುವಾಗಲೇ ಉತ್ತರ ಹೊಳೆಯಿತು.

ಜನರ ನಡುವೆ ದಾರಿ ಮಾಡಿಕೊಂಡು, ಮಾನಿಸ್ ಹಗ್ಗ ಹಿಡಿದು ಅಪ್ಪ ಬಂದ. ಬೆಳಿಗ್ಗೆಯಿಂದ ಎಣ್ಣೆ ಕುಡಿದ ಜೀನು ಫಳಫಳ ಹೊಳೆಯುತ್ತಿತ್ತು.

"ನಂಬರು ಸಿಕ್ತಲ್ಲ, ಸಂತೋಷ," ಅಂದ. "ಮಾತು ಮಾತೇ. ನೀನು ಜೀಪಿನವನು, ನಾನು ಅಡ್ಡ ಬರಲ್ಲ. ಆದ್ರೆ ಜೀಪು ಮಲಗಿರೋವಾಗ ನೀನೂ ಮಲಗಿದ್ರೆ ಹೇಗೆ? ನಾಳೆಯಿಂದ ಕೆಳಗೆ ಹೋಗೋರೆಲ್ಲ ಕುದುರೆ ಮೇಲೇ ಹೋಗ್ಬೇಕು. ನಂಗೆ ಮಂಡಿ ನೋವು ಅಂತ ಹೇಳಿದ್ನಲ್ಲ."

"ಅಪ್ಪ, ನಂಗೆ ಬರಲ್ಲ."

"ಬರಲ್ಲ ಅಂದ್ರೆ? ಇವತ್ತು ಅದರ ಹಿಂದೆ ಎಷ್ಟು ಅಚ್ಚುಕಟ್ಟಾಗಿ ಬಂದೆ, ಊರೇ ನೋಡಿದೆ. ನಾಳೆಯಿಂದ ಅದರ ಮುಂದೆ ನಡಿ, ಅಷ್ಟೇ."

ಅಪ್ಪ ಅವನ ಒಂದು ಕೈಯಲ್ಲಿದ್ದ ಕೀಲಿಯನ್ನು ಜೋಪಾನವಾಗಿ ಅವನದೇ ಜೇಬಿಗಿಳಿಸಿ, ಆ ಕೈಗೆ ಹಗ್ಗ ಕೊಟ್ಟ. ತ್ರಿಸ್ನೊ ಕಣ್ಣು ಮುಚ್ಚಿ ನಿಂತ. ಬೆನ್ನ ಹಿಂದಿನಿಂದ ಬಿಸಿಯುಸಿರು ಬಂತು. ಮಾನಿಸ್ ಕತ್ತು ಚಾಚಿ ಅವನ ಹೊಸ ಹಳದಿ ಅಂಗಿಯ ನಂಬರನ್ನು ಮೂಸಿ ನೋಡಿ, ಆತುರವಿಲ್ಲದೆ ಜಗಿಯಲು ಶುರುಮಾಡಿತು.