ಸೊಸೆಯ ಕಾರಿನ ಉದ್ದ ಸ್ಟಡ್ಡುಗಳು

ಬೆಚ್ಚಿಬೀಳುವುದಕ್ಕೂ ಒಂದು ವಯಸ್ಸು ಇರಬೇಕು. ನನಗೆ ಅರವತ್ತು ದಾಟಿದ ಮೇಲೂ ಅದು ತಪ್ಪಿಲ್ಲ. ಬಿ.ಎಸ್ಸಿ. ಓದಿದವಳು ನಾನು, ಮನೆಯ ಗಾಡಿಗಳ ಸರ್ವೀಸ್ ವಿವರವನ್ನೆಲ್ಲ ತಾರೀಖು ಸಮೇತ ಬರೆದಿಡುವವಳು. ಆದರೂ ಸೊಸೆ ಒಂದು ಹಳೇ ಕಾರು ಕೊಂಡ ಮೇಲೆ ನಡೆದದ್ದಕ್ಕೆ ನಾನು ಸಿದ್ಧಳಾಗಿರಲಿಲ್ಲ.

ಕಡೂರಿನ ಕಳ್ಳತನ

ಬೆಳಿಗ್ಗೆ ಬಾಗಿಲು ತೆಗೆದರೆ ಕಾರು ಸ್ಟ್ಯಾಂಡುಗಳ ಮೇಲೆ ನಿಂತಿದೆ, ನಾಲ್ಕೂ ಚಕ್ರ ಇಲ್ಲ. ರಂಗೋಲಿ ಡಬ್ಬಿ ಕೈಯಿಂದ ಜಾರಿತು. ಕಾರಿನ ಹಿಂದಿನಿಂದ ಸೊಸೆ ಎದ್ದಳು.

"ಸ್ಟಡ್ ಬದಲಾಯಿಸ್ತಿದ್ದೀನಿ ಅತ್ತೆ. ಚಕ್ರ ಹಿಡಿದಿರೋ ಬೋಲ್ಟುಗಳೇ ಇವು. ರೇಸ್ ಟ್ರ್ಯಾಕಲ್ಲಿ ತಿರುಗಿಸುವಾಗ ಮುರಿದ್ರೆ ಚಕ್ರ ನನಗಿಂತ ಮುಂಚೆ ಮನೆಗೆ ಬರುತ್ತೆ."

"ಗೆದ್ರೆ ಏನು ಕೊಡ್ತಾರೆ?"

"ರೇಸ್ ಅಲ್ಲ ಅತ್ತೆ, ಯಾರೂ ಗೆಲ್ಲಲ್ಲ. ಸುಮ್ನೆ ಜೋರಾಗಿ ಓಡಿಸೋದು. ಆದ್ರೆ ಅಲ್ಲಿನ ಗಾಡಿ ತಪಾಸಣೆಯಲ್ಲಿ ಪಾಸಾಗದಿದ್ರೆ ಗೇಟಿಂದಲೇ ವಾಪಸ್."

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯಾಕೆ, "ಚಕ್ರ ಕದ್ದವರು ಯಾರೂಂತ ಗೊತ್ತಾಯ್ತಾ ಅಕ್ಕಾ?" ಎಂದರು.

"ನಮ್ಮ ಸೊಸೇನೇ ಬಿಚ್ಚಿರೋದು ಕಣ್ರೀ."

ಆಕೆ ಸ್ವರ ತಗ್ಗಿಸಿದರು. "ಮನೆ ವಿಷಯ. ನಾನು ಯಾರಿಗೂ ಹೇಳಲ್ಲ ಬಿಡಿ."

ತರೀಕೆರೆಯ ಉಪಕಾರ

ಉದ್ದನೆಯ ಹೊಸ ಸ್ಟಡ್ಡುಗಳನ್ನು ಒತ್ತಿ ಕೂರಿಸಲು ಮೆಷಿನ್ ಬೇಕಂತೆ; ಹಳೇ ಸ್ಟಡ್ಡಿಗೇ ಚಕ್ರ ಸಿಕ್ಕಿಸಿಕೊಂಡು ತರೀಕೆರೆಯ ಗ್ಯಾರೇಜಿಗೆ ಹೋದೆವು. ಮೇಸ್ತ್ರಿ ಚೆನ್ನಾಗಿಯೇ ಕೂರಿಸಿದ. ನಟ್ ಹಾಕಿ ನೋಡಿದಾಗ ಮಾತ್ರ ಅವನ ಮುಖ ಸಣ್ಣಗಾಯಿತು. ಸ್ಟಡ್ಡು ನಟ್ಟಿನಿಂದ ಆಚೆಗೆ ಚಾಚಿತ್ತು. ಸೊಸೆ ಫೋನ್ ಬಂತೆಂದು ಹೊರಗೆ ಹೋದಳು. ಮರಳಿ ಬರುವಷ್ಟರಲ್ಲಿ ಅವನ ಕೈಯಲ್ಲಿ ಕಟಿಂಗ್ ಮೆಷಿನ್ ಗಿರ್ರೆನ್ನುತ್ತಿತ್ತು. ಅವಳು ಓಡಿಬಂದು ಪ್ಲಗ್ಗನ್ನೇ ಕಿತ್ತಳು. "ನಟ್ಟು ಪೂರ್ತಿ ಹಿಡೀಲಿ ಅಂತಲೇ ಉದ್ದದ್ದು ತರಿಸಿದ್ದು!"

ಮೇಸ್ತ್ರಿಗೆ ಬೇಸರವಾಯಿತು. "ಪ್ಯಾಂಟು ಉದ್ದ ಆದ್ರೆ ಅಂಗಡಿಯವ್ರು ಕತ್ತರಿಸಿ ಕೊಡಲ್ವಾ ತಾಯಿ? ನಾನೂ ಫ್ರೀಯಾಗೇ ಮಾಡ್ತಿದ್ದೆ."

ಅಜ್ಜಂಪುರದ ನಾಮಕರಣ

ಹೊಸ ನಟ್ಟುಗಳನ್ನು ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕಂತೆ. ಆ ಸ್ವಲ್ಪ ದೂರ ಅಜ್ಜಂಪುರದ ನೆಂಟರ ಮನೆಯ ನಾಮಕರಣಕ್ಕೆ ಸರಿಹೋಯಿತು. ಛತ್ರದ ಬಾಗಿಲಲ್ಲೇ ನನ್ನ ಸೊಸೆ, ರೇಷ್ಮೆ ಸೀರೆ ಎತ್ತಿ ಕಟ್ಟಿ, ಮಂಡಿಯೂರಿ ಸ್ಪ್ಯಾನರ್ ಹಿಡಿದು ಕೂತಳು. ಸರಿಯಾದ ಬಿಗಿಗೆ ಬಂದಾಗ ಅದು 'ಟಕ್' ಅನ್ನುತ್ತದೆ. ಪ್ರತಿ ಟಕ್ಕಿಗೂ ಬೀಗರ ಸಾಲಿನಲ್ಲಿ ಒಂದೊಂದು ತಲೆ ತಿರುಗಿತು. ನಾನು ಅಪರಿಚಿತಳಂತೆ ನಿಂತೆ.

ಒಬ್ಬ ಹಿರಿಯರು ಕೇಳಿದರು, "ಗಂಡ ಬಂದಿಲ್ವೇನಮ್ಮ?"

"ಬಂದಿದ್ದಾರೆ ತಾತ. ಮೊದಲ ಪಂಕ್ತಿಯಲ್ಲಿ ಕೂತಿದ್ದಾರೆ."

"ಹಂಗಾದ್ರೆ ಅವನನ್ನೂ ಒಂದ್ ಸುತ್ತು ಬಿಗಿ ಮಾಡಮ್ಮ."

ಟ್ರ್ಯಾಕಿನ ಬಾಗಿಲಲ್ಲಿ

ಹೊರಡುವ ದಿನ ಗಾಡಿಪೂಜೆ ನನ್ನದು. ನೋಡಿದರೆ ಪ್ರತಿ ನಟ್ಟಿನ ಮೇಲೂ ಬಿಳಿ ಪೇಂಟಿನ ಒಂದೊಂದು ಗೀರು. ಮೇಸ್ತ್ರಿಯ ಕೊಳಕು ಕೈ ಎಂದುಕೊಂಡು ಸೀಮೆಎಣ್ಣೆಯಲ್ಲಿ ಒರೆಸಿದೆ. ನಟ್ಟು ಬೋಳಾಗಿ ಕಂಡದ್ದಕ್ಕೆ, ನಮ್ಮ ಮನೆಯ ಪದ್ಧತಿಯಂತೆ, ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ ಎಳೆದೆ.

ಟ್ರ್ಯಾಕಿನ ಗೇಟಿನಲ್ಲಿ ತಪಾಸಣೆಯವರು ಚಕ್ರದ ಮುಂದೆ ಕೂತವರು ಏಳಲೇ ಇಲ್ಲ. "ನಟ್ಟು ಸಡಿಲ ಆದ್ರೆ ತಿಳಿಯಲಿ ಅಂತ ಒಂದು ಗೆರೆ ಎಳೀತಾರೆ. ಇಲ್ಲಿ ಮೂರಿದೆಯಲ್ಲಮ್ಮ?"

ಸೊಸೆ ನನ್ನನ್ನು ನೋಡಿದಳು. ನಾನು ಟ್ರ್ಯಾಕ್ ನೋಡಿದೆ.

ಅವರು ಒಂದು ಗೆರೆ ಮುಟ್ಟಿದರು. ಬೆರಳಿಗೆ ಬೂದಿ ಬಂತು. ಅಭ್ಯಾಸಬಲ, ಹಣೆಗೆ ಹಚ್ಚಿಕೊಂಡರು. ಆಮೇಲೆ ಗಂಭೀರವಾಗಿ, "ಎಲ್ಲಾ ಒರೆಸಿ, ಬಿಗಿ ನೋಡಿ, ಪೇಂಟಲ್ಲಿ ಗುರುತು ಹಾಕಿ. ಅಲ್ಲೀವರೆಗೂ ಒಳಗೆ ಬಿಡಲ್ಲ" ಎಂದರು.

ಅವಳ ಸರದಿ ಹತ್ತಿರವಾಗಿತ್ತು. ನಾನು ಬೂದಿ ಒರೆಸುತ್ತಾ ಓಡಿದೆ, ಅವಳು ಹಿಂದೆಯೇ ಬಿಗಿ ನೋಡಿ ಪೇಂಟಿನ ಗೆರೆ ಎಳೆದಳು. ಕೊನೆಯ ಗೆರೆ ಎಳೆಯುವುದಕ್ಕೂ ಅವಳ ನಂಬರ್ ಕೂಗುವುದಕ್ಕೂ ಸರಿಹೋಯಿತು. ಅವಳು ಸುತ್ತು ಮುಗಿಸಿ ಬರುವವರೆಗೆ ನಾನು ಚಕ್ರಗಳನ್ನೇ ಎಣಿಸುತ್ತಾ ಕೂತಿದ್ದೆ. ಬಂದಳು, ನಾಲ್ಕು ಚಕ್ರದ ಸಮೇತ. ಒಂದು ಗೆರೆಯೂ ಅಲುಗಿರಲಿಲ್ಲ.

ಕ್ಷಮೆ ಕೇಳೋಣವೆಂದು ಎದ್ದೆ. ದಾರಿ ಇರಲಿಲ್ಲ. ಹೆಲ್ಮೆಟ್ ಹಿಡಿದ ನಾಲ್ಕೈದು ಹುಡುಗರು ಅಡ್ಡ ನಿಂತಿದ್ದರು. ಮುಂದಿನವನು ವಿನಯದಿಂದ ಕೇಳಿದ:

"ಅಜ್ಜೀ, ನಿಮ್ಮ ಸೊಸೆ ಚಕ್ರ ಗಟ್ಟಿಯಾಗಿತ್ತಲ್ಲ, ಆ ಬೂದಿ ಇನ್ನೂ ಉಳಿದಿದೆಯಾ? ತಪಾಸಣೆಯವರೂ ತಮ್ಮ ಬೈಕಿಗೆ ಬೇಕು ಅಂದ್ರು."