ಹಾಕಿಮರು ಕೊಟ್ಟ ಕೈಗಡಿಯಾರ

ಎಲ್ಲಾ ರಾದ್ಧಾಂತ ಶುರುವಾದದ್ದು ಒಂದು ಮಾಂಸದ ಕಡುಬಿನಿಂದ. ಅವತ್ತು ಬೆಳಿಗ್ಗೆ ಖೋಸಿಯತ್ ಬೇಯಿಸಿಟ್ಟ ಕಡುಬನ್ನು ಅವಳ ತಮ್ಮ ಕಚ್ಚಿದ್ದೇ ತಡ, ಕೈಗಡಿಯಾರದ ಸ್ಪ್ರಿಂಗೊಂದು ಹಲ್ಲಿಗೆ ಸಿಕ್ಕಿ ತಂಬೂರಿಯ ತಂತಿಯ ಹಾಗೆ ಝಿಂಯ್ ಎಂದಿತು.

"ಇವತ್ತು ಸಂಜೆಯೊಳಗೆ ನಿಮ್ಮ ಗಡಿಯಾರದ ಮೇಜು ಈ ಮನೆಯಿಂದ ಆಚೆ ಹೋಗ್ಬೇಕು," ಎಂದಳು ಖೋಸಿಯತ್. "ಇಲ್ಲಾಂದ್ರೆ ಎಲ್ಲಾ ಬಾಚ್ಕೊಂಡು ಹೋಗಿ ಕಾಲುವೆಗೆ ಸುರೀತೀನಿ."

ಅವಳ ಗಂಡ ನೂರ್ಮತ್ ಹೊಟ್ಟೆಪಾಡಿಗೆ ಕ್ಷೌರಿಕ. ಪ್ರೀತಿ ಮಾತ್ರ ಕೈಗಡಿಯಾರಗಳ ಮೇಲೆ. ಹಿಪ್ಪುನೇರಳೆ ಮರದ ಕೆಳಗಿನ ಒಂದು ಕುರ್ಚಿಯೇ ಅವನ ಅಂಗಡಿ. ಗಿರಾಕಿಯ ಒಂದು ಕೆನ್ನೆ ಬೋಳಿಸಿ, ಇನ್ನೊಂದಕ್ಕೆ ನೊರೆ ಹಚ್ಚಿ, ಅವನ ಗಡಿಯಾರ ಬಿಚ್ಚಿಕೊಂಡು ಕೂತುಬಿಡುತ್ತಿದ್ದ. ಕೊಕಂದ್ ಪಟ್ಟಣದ ಆ ಕೇರಿಯಲ್ಲಿ ಅರ್ಧ ಗಡ್ಡದ ಗಂಡಸರು ಓಡಾಡಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಮೇಜಿಗೆ ಒಂದೇ ಜಾಗವಿತ್ತು, ಚಹಾದಂಗಡಿಯ ಪಕ್ಕದ ಖಾಲಿ ಕೋಣೆ. ಅದರ ಬೀಗದ ಕೈ ಕೇರಿಯ ಹಿರಿಯ ತೋಜಿಬಾಯಿಯ ಸೊಂಟದಲ್ಲಿತ್ತು. ಇನ್ನೇನು ಹೋಗಿ ಕೇಳಬೇಕು, ಅಷ್ಟರಲ್ಲಿ ತೋಜಿಬಾಯಿಯೇ ಕದ್ದ ಕರಬೂಜ ಮುಚ್ಚಿಟ್ಟುಕೊಂಡವನ ಹಾಗೆ ಅಂಗಿಯ ತೋಳಿನೊಳಗೆ ಕೈ ಅಡಗಿಸಿಕೊಂಡು ಮರದ ಕೆಳಗಿನ ಕುರ್ಚಿಯ ಬಳಿ ಬಂದ.

"ನೂರ್ಮತ್, ಹೋದ ವರ್ಷ ಹಾಕಿಮರು ಕೊಟ್ಟ ಗಡಿಯಾರ ಕಣೋ. ಒಂದು ದಿನಾನೂ ನಡೀಲಿಲ್ಲ. ಕಟ್ಕೊಂಡೇ ಸ್ನಾನಕ್ಕೆ ಹೋದೆ, ನಂದೇ ತಪ್ಪು. ಮಧ್ಯಾಹ್ನ ಹಾಕಿಮರು ಈ ವರ್ಷದ ಗಡಿಯಾರ ಹಂಚೋಕೆ ಬರ್ತಾರೆ, ವೇದಿಕೆ ಮೇಲೆ ನಾನು ಇದನ್ನ ತೋರಿಸಿ ಮಾತಾಡ್ಬೇಕು. ಓಡೋ ಹಾಗೆ ಮಾಡ್ಕೊಡು, ಆ ಕೋಣೆ ನಿಂದು. ಯಾರಿಗೂ ಹೇಳ್ಬೇಡ."

ಹತ್ತಿ ಗಿರಣಿಯಿಂದ ನಿವೃತ್ತರಾದ ನಲವತ್ತು ಮಂದಿಗೆ ಜಿಲ್ಲೆಯ ದೊರೆ ಹಾಕಿಮರು ತಮ್ಮ ಕೈಯಾರೆ ಕೊಟ್ಟ ಗಡಿಯಾರವದು. ತೋಜಿಬಾಯಿ ಆಚೆ ಹೋದದ್ದೇ ಗಿರಣಿಯಲ್ಲಿ ಹತ್ತಿ ದರ್ಜೆ ವಿಂಗಡಿಸುತ್ತಿದ್ದ ಜುಲೈಖಾ ಅಕ್ಕ ಬಂದಳು. ತಲೆವಸ್ತ್ರದ ಗಂಟಿನಿಂದ ಅಂಥದ್ದೇ ಗಡಿಯಾರ ತೆಗೆದಳು.

"ಸೊಸೆ ಮುಟ್ಟಿ ನಿಲ್ಲಿಸಿದಾಳೆ ಅಂತ ಕಾಣುತ್ತೆ. ದೊಡ್ಡವರು ಕೊಟ್ಟದ್ದು ಕೆಟ್ಟಿದೆ ಅನ್ನೋಕಾಗುತ್ತಾ ತಮ್ಮಾ? ಬಾಯಿ ಬಿಟ್ಟೆಯೋ, ನಿನ್ನ ಕತ್ತರೀಲೇ ನಿನ್ನ ನಾಲಿಗೆ ಕತ್ತರಿಸ್ತೀನಿ."

ಅವಳು ಹೇಳಿದ್ದೂ ಸರಿಯೇ. ಉಡುಗೊರೆಗೆ ಮುತ್ತಿಟ್ಟು ಕಣ್ಣಿಗೊತ್ತಿಕೊಳ್ಳಬೇಕು. ಕೊಟ್ಟವರ ಎದುರಿಗೇ ಅದನ್ನು ಬಿಚ್ಚಿ ನೋಡುವಷ್ಟು ಮಾನಗೆಟ್ಟವರು ಆ ಕೇರಿಯಲ್ಲಿ ಹುಟ್ಟಿರಲಿಲ್ಲ.

ಮನೆಗೆ ಬಂದು ನೂರ್ಮತ್ ಎರಡರ ಬೆನ್ನನ್ನೂ ತೆರೆದ. ಒಳಗೆ ಯಂತ್ರವೇ ಇಲ್ಲ! ಮುಳ್ಳುಗಳನ್ನು ಅಂಟಿಸಿದ್ದರು. ತೂಕಕ್ಕೊಂದು ಸೀಸದ ಚೂರು, ಉಳಿದದ್ದೆಲ್ಲ ಹತ್ತಿ. ಮೂವತ್ತು ವರ್ಷ ಎದೆಗೂಡಿಗೆ ಹತ್ತಿಯ ಧೂಳು ತುಂಬಿಕೊಂಡವರಿಗೆ ಗಡಿಯಾರದಲ್ಲೂ ಹತ್ತಿಯನ್ನೇ ತುಂಬಿ ಸನ್ಮಾನ ಮಾಡಿದ್ದರು.

"ಹೋಗಿ ಹೇಳ್ಬಿಡ್ಲಾ?"

"ಹೇಳಿ, ಹೇಳಿ. ಒಳಗಿದ್ದದ್ದನ್ನ ಕದ್ದವನು ನೀನೇ ಅಂತಾರೆ," ಎಂದಳು ಖೋಸಿಯತ್. ತೋಜಿಬಾಯಿಯ ಗಡಿಯಾರದ ಹತ್ತಿಯನ್ನು ಎರಡು ಉಂಡೆ ಮಾಡಿ ಕಿವಿಗಳಿಗೆ ತುರುಕಿಕೊಂಡಳು. "ಅಬ್ಬಾ, ನಿಮ್ಮ ಟಿಕ್ ಟಿಕ್ ಈಗ ನಿಂತಿತು."

ನೂರ್ಮತ್ ನಿಟ್ಟುಸಿರು ಬಿಟ್ಟು, ತೀರಿಕೊಂಡ ಅಪ್ಪನ ಗಡಿಯಾರ ಬಿಚ್ಚಿದ. ಅವನ ಬಳಿಯಿದ್ದ ರಾಶಿಯಲ್ಲಿ ನಿಲ್ಲದೆ ನಡೆಯುತ್ತಿದ್ದದ್ದು ಅದೊಂದೇ. ಅದರ ಯಂತ್ರವನ್ನು ತೋಜಿಬಾಯಿಯ ಗಡಿಯಾರದೊಳಗೆ ಕೂರಿಸಿದ. ಕೋಣೆ ಸಿಗುವುದಾದರೆ ಅಪ್ಪನೂ ಬೇಡವೆನ್ನಲಾರ.

ಮಧ್ಯಾಹ್ನ ತೋಜಿಬಾಯಿ ವೇದಿಕೆ ಹತ್ತಿ ಗಡಿಯಾರವನ್ನು ಮೈಕಿಗೆ ಹಿಡಿದ. ಟಿಕ್ ಟಿಕ್ ಎಂದು ಇಡೀ ಮೈದಾನಕ್ಕೆ ಕೇಳಿಸಿತು. ನಿವೃತ್ತರೆಲ್ಲ ಮುಖ ಮುಖ ನೋಡಿಕೊಂಡರು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ಹಾಕಿಮರು.

"ನಿಂದು ನಡೀತದಾ ತೋಜಿಬಾಯ್?" ಜುಲೈಖಾ ಕೂಗಿದಳು. "ನಂದು ನಿಂತಿದೆ!"

"ನಂದೂ!" "ಅಯ್ಯೋ, ನಂದೂ!"

"ಎಲ್ಲಾ ನೂರ್ಮತ್ ಕೈಗೆ ಕೊಡಿ, ಅವನೇ ನನ್ನದನ್ನ ಓಡಿಸಿದ್ದು," ಎಂದ ತೋಜಿಬಾಯಿ ಹೆಮ್ಮೆಯಿಂದ.

ಹಾಕಿಮರ ಹಣೆಯಲ್ಲಿ ಬೆವರೊಡೆಯಿತು. "ಎಲ್ಲಿ ಆ ಕುಶಲಕರ್ಮಿ? ಬರಲಿ, ಬರಲಿ," ಎಂದು ನೂರ್ಮತ್‌ನನ್ನು ಕರೆಸಿ, ಈ ವರ್ಷದ ಪೆಟ್ಟಿಗೆಯಿಂದ ಹೊಸ ಗಡಿಯಾರವೊಂದನ್ನು ಅವನ ಕೈಗಿಟ್ಟರು. "ನಿನ್ನಂಥವರು ಮಾತು ಕಡಿಮೆ ಆಡಿ ಕೆಲಸ ಮಾಡಬೇಕಪ್ಪ."

ನೂರ್ಮತ್ ಮುತ್ತಿಟ್ಟ, ಕಣ್ಣಿಗೊತ್ತಿಕೊಂಡ. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಅಭ್ಯಾಸಬಲ, ಕೈ ತಾನಾಗಿ ಕಿವಿಗೆ ಹೋಯಿತು. ಸದ್ದಿಲ್ಲ. ಹೆಬ್ಬೆರಳ ಉಗುರು ತಾನಾಗಿ ಬೆನ್ನಿನ ಸಂದಿಗೆ ಹೋಯಿತು. ಟಪ್ಪೆಂದು ಮುಚ್ಚಳ ಹಾರಿ, ಬಿಳಿಯ ಹತ್ತಿಯ ತುಣುಕೊಂದು ತೇಲಿಬಂದು ಹಾಕಿಮರ ಮೀಸೆಯ ಮೇಲೆ ಕೂತಿತು.

ಜುಲೈಖಾ ಮೆಟ್ಟಿಲು ಹತ್ತಿ ಬಂದು ಅದನ್ನು ಹೆಕ್ಕಿ ಬೆರಳಲ್ಲಿ ಹಿಸುಕಿದಳು. "ಮೂರನೇ ದರ್ಜೆ! ಮೋಸಕ್ಕಾದ್ರೂ ಒಂದನೇ ದರ್ಜೆ ಹಾಕಬಾರದಿತ್ತಾ ಸಾಹೇಬರೇ?"

ಮೈದಾನವೇ ನಕ್ಕಿತು. ನಗುತ್ತಲೇ ಎಲ್ಲರೂ ತಮ್ಮ ತಮ್ಮ ಗಡಿಯಾರದ ಬೆನ್ನು ಕಿತ್ತರು. ನಗು ಸಿಟ್ಟಾಗಿ ತಿರುಗುವಷ್ಟರಲ್ಲಿ ಹಾಕಿಮರಿಗೆ ಯಾವುದೋ ಸಭೆ ನೆನಪಾಗಿ ಕಾರು ಧೂಳೆಬ್ಬಿಸಿತು.

"ನಾಳೆ ಬೆಳಿಗ್ಗೆ ಎಲ್ಲಾರೂ ಫರ್ಗಾನಾದ ದೊಡ್ಡ ಕಚೇರಿಗೆ," ಎಂದಳು ಜುಲೈಖಾ. "ಇದನ್ನೆಲ್ಲ ಅವರ ಮೇಜಿನ ಮೇಲೆ ಸುರಿಯೋಣ." ಆಮೇಲೆ ಎಲ್ಲರ ಕಣ್ಣೂ ತೋಜಿಬಾಯಿಯ ಕಡೆ ತಿರುಗಿದವು. "ಅದ್ಸರಿ, ನಿಂದೊಂದೇ ಹೇಗಯ್ಯಾ ನಡೀತದೆ? ನೀನು ಅವರ ಕಡೆಯವನಾ?"

ತೋಜಿಬಾಯಿ ನೂರ್ಮತ್‌ನನ್ನು ಮರದ ಹಿಂದಕ್ಕೆ ಎಳೆದ. "ತೆಗಿಯೋ ಮಾರಾಯ, ಒಳಗೆ ನೀನು ಹಾಕಿದ್ದನ್ನ ತೆಗಿ! ನನ್ನ ಹತ್ತಿ ನನಗೆ ತುಂಬ್ಕೊಡು!"

"ನನ್ನ ಕೋಣೆ?"

"ಎಲ್ಲಿಯ ಕೋಣೆ? ಹೋರಾಟಕ್ಕೆ ಜಾಗ ಬೇಕು ಅಂತ ಜುಲೈಖಾ ಆಗಲೇ ಬೀಗದ ಕೈ ಕಿತ್ಕೊಂಡಳು."

ಸಂಜೆ ನೂರ್ಮತ್ ಹೆಂಡತಿಯ ಮುಂದೆ ನಿಂತು, "ನಿನ್ನ ಕಿವಿಯ ಹತ್ತಿ ಕೊಡೇ," ಎಂದ. ಅವಳಿಗೆ ಕೇಳಿಸಲಿಲ್ಲ. ಅವನು ಅರಚಿ ಅರಚಿ ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ. ಇಡೀ ಕೇರಿ ಕೇಳಿಸಿಕೊಂಡ ಮೇಲೆ ಖೋಸಿಯತ್ ಹತ್ತಿ ಕಿತ್ತು ಅವನ ಕೈಗಿಟ್ಟಳು.

"ನಾಳೆ ನಾನೂ ಬರ್ತೀನಿ. ನಮ್ಮಮ್ಮನೂ ಅದೇ ಗಿರಣೀಲಿ ಕೆಮ್ಮಿ ಕೆಮ್ಮಿ ಸತ್ತಳು. ಎಷ್ಟು ಗಂಟೆಗೆ ಹೊರಡೋದು?"

ನೂರ್ಮತ್ ಅಂಗೈ ನೋಡಿಕೊಂಡ. ಕಳಚಿ ತೆಗೆದ ಅಪ್ಪನ ಯಂತ್ರ ಮುಖವಿಲ್ಲದೆ, ಮುಳ್ಳಿಲ್ಲದೆ, ಕೋಳಿಮರಿಯ ಎದೆಯ ಹಾಗೆ ಮಿಡಿಯುತ್ತಿತ್ತು.

"ಕೇರೀಲಿ ಯಾರ ಗಡಿಯಾರಾನೂ ನಡೀತಿಲ್ಲ ಕಣೇ. ಹುಂಜ ಕೂಗಿದ ಕೂಡಲೇ ಹೊರಡೋದು."

ಮೇಜು ಇದ್ದಲ್ಲೇ ಇತ್ತು. ಖೋಸಿಯತ್ ಅದನ್ನೊಮ್ಮೆ ದುರುಗುಟ್ಟಿ ನೋಡಿ, ನಾಳೆಯ ಬುತ್ತಿಗೆಂದು ಕಲಸಿದ್ದ ಕಡುಬಿನ ಹಿಟ್ಟನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೊರಟಳು.