ನಮ್ಮತ್ತೆಯ ಸ್ಟೀಲ್ ತಂತಿ ಸಂಸಾರ

ನಮ್ಮತ್ತೆ ಮದುವೆಯಾಗಿದ್ದು ಮಾವನನ್ನು, ಸಂಸಾರ ಮಾಡಿದ್ದು ಗಿಟಾರಿನ ಜೊತೆ!

ಇದು ನಾನು ಕಟ್ಟಿದ ಮಾತಲ್ಲ. ಮನೆಗೆ ಬಂದ ನೆಂಟರಿಗೆ ಕಾಫಿ ಬರುವುದಕ್ಕೂ ಮೊದಲು ಮಾವ ಬಡಿಸುತ್ತಿದ್ದ ಮಾತು. ಅತ್ತೆ ಅದನ್ನು ಒಂದು ದಿನವೂ ಅಲ್ಲಗಳೆದವಳಲ್ಲ. "ಅದಕ್ಕೆ ಕೋಪ ಬಂದ್ರೆ ಒಂದು ತಂತಿ ಕಿತ್ಕೊಳುತ್ತೆ ಅಷ್ಟೆ ಕಣ್ರೀ. ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಲ್ಲ" ಎಂದು ಲೋಟ ಮುಂದಿಡುತ್ತಿದ್ದಳು. ಗೋಡೆ ಕಡೆ ತಿರುಗಿ ಮಲಗುವವರು ಯಾರೆಂದು ನೆಂಟರು ಕೇಳುತ್ತಿರಲಿಲ್ಲ. ಮಾವನ ಮುಖ ನೋಡಿದರೇ ಗೊತ್ತಾಗುತ್ತಿತ್ತಲ್ಲ!

ಈ ಅತ್ತೆ ನನ್ನ ತಂದೆಯ ತಂಗಿ. ನಾಗಸಂದ್ರದ ಪಕ್ಕದ ನಮ್ಮೂರಿನ ರಾಗಿ ಹೊಲಗಳೆಲ್ಲ ಒಂದೊಂದಾಗಿ ಶೆಡ್ಡುಗಳಾಗುತ್ತಿದ್ದ ಕಾಲದಲ್ಲಿ ಅವಳು ಪೀಣ್ಯದ ಒಂದು ಮೋಟಾರ್ ಕಾರ್ಖಾನೆಗೆ ಕೆಲಸಕ್ಕೆ ಸೇರಿದಳು. ಕೂದಲೆಳೆಯಂಥ ತಾಮ್ರದ ತಂತಿಯನ್ನು ಸುರುಳಿ ಸುತ್ತುವ ಕೆಲಸ. ಸುತ್ತಮುತ್ತ ಎಲ್ಲಿ ನೋಡಿದರೂ ಲೇತು, ಡ್ರಿಲ್ಲು, ಪ್ರೆಸ್ಸು. ಅಲ್ಲಿ ಸದ್ದು ನಿಲ್ಲುತ್ತಿದ್ದುದು ಆಯುಧಪೂಜೆಯ ದಿನ ಮಾತ್ರ. ಅಂಥದೊಂದು ಆಯುಧಪೂಜೆಗೆ, ಯಂತ್ರಗಳಿಗೆಲ್ಲ ಚೆಂಡುಹೂ ಮುಡಿಸಿ ಬೂದುಗುಂಬಳ ಒಡೆದ ಮೇಲೆ, ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದ ಒಬ್ಬ ಹೆಂಗಸು ಮನೆಯಿಂದ ಗಿಟಾರ್ ತಂದು ನುಡಿಸಿದರಂತೆ. ಮರದ ಹೊಟ್ಟೆ, ಉಕ್ಕಿನ ಆರು ತಂತಿ. ವಿದ್ಯುತ್ತಿನ ಹಂಗಿಲ್ಲದ, ಹಳೆಯ ಕಾಲದ ಗಿಟಾರು. ಪುರಿ, ಬಾಳೆಹಣ್ಣು ಹಿಡಿದು ನಿಂತಿದ್ದ ನಮ್ಮತ್ತೆ ತಿನ್ನುವುದನ್ನೇ ಮರೆತಳಂತೆ.

"ಪೀಣ್ಯದಲ್ಲಿ ಕಬ್ಬಿಣ ಎಲ್ಲಾ ಕಿರುಚುತ್ತೆ ಕಣೇ. ಹಾಡೋ ಕಬ್ಬಿಣ ನಾನು ಅವತ್ತೇ ನೋಡಿದ್ದು" ಎಂದು ಅತ್ತೆ ಇದನ್ನು ನನಗೆ ಎಷ್ಟು ಸಲ ಹೇಳಿದ್ದಾಳೋ! ಆ ಟೈಪಿಸ್ಟಮ್ಮನ ಬೆನ್ನು ಬಿದ್ದು, ಊಟದ ಬಿಡುವಿನಲ್ಲಿ ಮಳೆಮರದ ಕೆಳಗೆ ಕೂತು ಕಲಿತಳು. ಟೈಪಿಸ್ಟಮ್ಮ ಅಷ್ಟು ದಿನ ಹೇಗೆ ಊಟ ಮಾಡಿದರೋ ಗೊತ್ತಿಲ್ಲ.

ಅಷ್ಟರಲ್ಲಿ ಮದುವೆ ಗೊತ್ತಾಯಿತು. ಹುಡುಗ ಲಗ್ಗೆರೆಯವನು, ಪೀಣ್ಯದಲ್ಲೇ ಲೇತ್ ಮೆಷಿನ್ ಮೇಲೆ ಕೆಲಸ. ನಮ್ಮ ತಾತ ಮಗಳನ್ನು ಕೂರಿಸಿಕೊಂಡು ಕೇಳಿದರು.

"ನಿಂಗೇನ್ ಒಡವೆ ಬೇಕವ್ವಾ? ಓಲೆ ಮಾಡಿಸ್ಲೋ, ಬಳೆ ಮಾಡಿಸ್ಲೋ?"

"ಗಿಟಾರ್ ಬೇಕಪ್ಪಾ."

ತಾತ ಯೋಚಿಸಿದರು. ಅಂಥ ಒಡವೆಯ ಹೆಸರನ್ನು ಅವರು ಕೇಳಿರಲಿಲ್ಲ. ಹಾಗೆಂದು ಮಗಳೆದುರು ಒಪ್ಪಿಕೊಳ್ಳಲಾದೀತೇ?

"ಅಂಗಂದ್ರೆ... ಸೊಂಟಕ್ಕೆ ಕಟ್ಟೋದೋ, ಕೊರಳಿಗೆ ಆಕ್ಕೊಳೋದೋ?"

"ಕೊರಳಿಗೇ ಅಪ್ಪಾ!" ಎಂದಳು ಅತ್ತೆ. ಸುಳ್ಳೇನಲ್ಲವಲ್ಲ, ಗಿಟಾರಿಗೆ ಪಟ್ಟಿ ಇರುತ್ತದೆ!

ತಾತ ಮಾತು ಕೊಟ್ಟುಬಿಟ್ಟರು. ಪೇಟೆಯಿಂದ ಆ ಒಡವೆ ಆಟೋದಲ್ಲಿ ಬಂದಿಳಿದಾಗ ಅಜ್ಜಿ ಎರಡು ದಿನ ತಾತನ ಜೊತೆ ಮಾತು ಬಿಟ್ಟರಂತೆ. ತಾತ ಮಾತ್ರ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಬಂದು, "ತೂಕ ಐತೆ ಬಿಡು" ಎಂದು ಸಮಾಧಾನ ಮಾಡಿಕೊಂಡರು.

ಹೊಸ ಸೊಸೆಯನ್ನು ಹಾಡು ಹೇಳಿಸಿ ನೋಡುವ ಪದ್ಧತಿ ಆಗ ಇತ್ತು. ಲಗ್ಗೆರೆಯ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿದರು. ಅತ್ತೆ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ, ಮೊಳ ಮಲ್ಲಿಗೆ ಮುಡಿದು, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಒಂದು ದೇವರನಾಮ ಹಾಡಿದಳು. ಮುಗಿದ ಮೇಲೆ ಎಲ್ಲರೂ ಅವಳ ಅತ್ತೆಯ ಕಡೆ ತಿರುಗಿದರು. ಆಕೆಯನ್ನು ನಾವು ಲಗ್ಗೆರೆ ಅಜ್ಜಿ ಎನ್ನುತ್ತಿದ್ದೆವು. ಅಜ್ಜಿ ಎಲೆ ಅಡಿಕೆ ಮಡಿಸಿ ಬಾಯಿಗಿಟ್ಟುಕೊಂಡು ತೀರ್ಪು ಕೊಟ್ಟರು:

"ಚೆನ್ನಾಗೇ ಐತೆ. ಆದ್ರೆ ದೇವ್ರು ಯಾಕೋ ಪ್ಯಾಂಟ್ ಆಕ್ಕೊಂಡು ಬಂದಂಗೆ ಕೇಳಿಸ್ತು!"

ಮೊದಲ ವರ್ಷವೇ ಗೌರಿಹಬ್ಬದ ಹೊತ್ತಿಗೆ ಒಂದು ತಂತಿ ಕಿತ್ತುಹೋಯಿತು. ಮಾವ ಆಗಿನ್ನೂ ಹೊಸ ಗಂಡ. ಹೆಂಡತಿಯ ಬಾಡಿದ ಮುಖ ನೋಡಲಾರದೆ, ತುಂಡಾದ ತಂತಿಯನ್ನು ಕಾರ್ಖಾನೆಗೆ ಒಯ್ದು, ಮೈಕ್ರೋಮೀಟರಿನಲ್ಲಿ ಅಳೆದು, ಸರಿಯಾಗಿ ಅದೇ ದಪ್ಪದ ಒಂದು ತಂತಿಯನ್ನು ಹುಡುಕಿ ತಂದು ಕಟ್ಟಿದರು. ಎಂಥ ಪ್ರೀತಿ! ಅತ್ತೆ ಮೀಟಿದಳು. ಬಾವಿಗೆ ಬಕೆಟ್ ಬಿದ್ದ ಸದ್ದು ಬಂತು.

"ತಂತಿ ತಂತಿನೇ ತಾನೆ? ಅಳತೆ ಸರಿಯಾಗಿದೆ!" ಎಂದರು ಮಾವ.

"ಅಳತೆ ಸರಿಯಾಗಿದೆ ರೀ. ಆದ್ರೆ ಇದು ಫ್ಯಾಕ್ಟರಿ ತಂತಿ. ಹಾಡಲ್ಲ, ಓವರ್‌ಟೈಮ್ ಕೇಳುತ್ತೆ!"

ಅಲ್ಲಿಂದ ಮಾವನಿಗೂ ಗಿಟಾರಿಗೂ ಎಣ್ಣೆ ಸೀಗೆಕಾಯಿ. ಅವರ ಕಷ್ಟವೂ ಸಣ್ಣದಲ್ಲ ಬಿಡಿ. ದಿನವಿಡೀ ಲೇತಿನ ಕಿರುಚಾಟ ಕೇಳಿ ಬಂದ ಮನುಷ್ಯ ಮನೆಯಲ್ಲಿ ಬಯಸುವುದು ಒಂದಿಷ್ಟು ಮೌನ ತಾನೇ? ಅತ್ತೆಯೋ ಸಂಜೆ ದೀಪ ಹಚ್ಚಿದ ಮೇಲೆ ಶ್ರುತಿ ಮಾಡಲು ಕೂರುತ್ತಿದ್ದಳು. ಗಿಟಾರಿನ ತುದಿಯ ಕಿವಿ ತಿರುಗಿಸುವುದು, ಮೀಟುವುದು, ಮತ್ತೆ ತಿರುಗಿಸುವುದು. ಮಾವ ಟಿವಿಯ ವಾರ್ತೆಯ ಸದ್ದು ಏರಿಸಿ, "ಮದುವೆ ಆದಾಗಿಂದ ತಿರುಗಿಸ್ತಾನೇ ಇದೀಯ, ಇನ್ನೂ ಟೈಟ್ ಆಗಿಲ್ವಾ? ನಮ್ಮ ಫ್ಯಾಕ್ಟರೀಲಿ ಆಗಿದ್ರೆ ಇಷ್ಟೊತ್ತಿಗೆ ರಿಜೆಕ್ಟ್ ಮಾಡಿರೋರು!" ಎನ್ನುತ್ತಿದ್ದರು. "ನಿಮ್ಮನ್ನೂ ರಿಜೆಕ್ಟ್ ಮಾಡೋರು ಬಿಡಿ" ಎಂದು ಈ ಕಡೆಯಿಂದ ಉತ್ತರ.

ಆ ಮನೆಯಲ್ಲಿ ಮುಚ್ಚಳ ಸರಿಯಿರುವ ಡಬ್ಬಿ ಒಂದೂ ಇರಲಿಲ್ಲ. ತಂತಿ ಮೀಟಲು ಬೇಕಾದ ಸಣ್ಣ ಬಿಲ್ಲೆಗಾಗಿ ಅತ್ತೆ ಪ್ಲಾಸ್ಟಿಕ್ ಮುಚ್ಚಳಗಳನ್ನು ಕತ್ತರಿಸುತ್ತಿದ್ದಳು. ಉಪ್ಪಿನ ಡಬ್ಬಿಯ ಮುಚ್ಚಳಕ್ಕೆ ಒಳ್ಳೆಯ ನಾದ, ಹುಳಿಪುಡಿಯದು ಸ್ವಲ್ಪ ಒರಟು ಎಂದು ಅವಳ ಸಂಶೋಧನೆ. ಕಿತ್ತುಹೋದ ಹಳೆಯ ತಂತಿಯಲ್ಲಿ ಬೇಯಿಸಿದ ಮೊಟ್ಟೆಯನ್ನು ಎಷ್ಟು ನೀಟಾಗಿ ಸೀಳುತ್ತಿದ್ದಳೆಂದರೆ, ನಾವು ಮಕ್ಕಳು ಅದು ಗಿಟಾರಿನ ಮುಖ್ಯ ಉಪಯೋಗವೆಂದೇ ನಂಬಿದ್ದೆವು. ಎರಡು ಬೀದಿ ಆಚೆ ಸಂಸಾರ ಮಾಡಿಕೊಂಡಿರುವ ಅವಳ ಒಬ್ಬಳೇ ಮಗಳು ಇವತ್ತಿಗೂ, "ನಾನು ನಮ್ಮಮ್ಮನಿಗೆ ಎರಡನೇ ಮಗು" ಎನ್ನುತ್ತಾಳೆ.

ಬೇಸಿಗೆ ರಜೆಗೆ ನಾನು ಲಗ್ಗೆರೆಗೆ ಓಡುತ್ತಿದ್ದುದು ಆ ಮಹಡಿ ಮೆಟ್ಟಿಲಿನ ಆಸೆಗೆ. ಮನೆ ಹೊರಗಿನ ಸಿಮೆಂಟಿನ ಮೆಟ್ಟಿಲ ಮೇಲೆ ಅತ್ತೆ ಕೂತರೆ, ಕೆಳಗಿನ ಮೆಟ್ಟಿಲುಗಳೆಲ್ಲ ನಮ್ಮವು. ಶಿಫ್ಟು ಮುಗಿದು ಸೈಕಲ್ ತುಳಿದುಕೊಂಡು ಬರುವವರು ಒಂದು ಕಾಲು ನೆಲಕ್ಕೂರಿ ನಿಲ್ಲುತ್ತಿದ್ದರು. ಕರೆಂಟ್ ಹೋದರಂತೂ ನಮಗೆ ಹಬ್ಬ! ಓಣಿಯ ರೇಡಿಯೋ, ಟಿವಿ, ಮಿಕ್ಸಿ ಎಲ್ಲ ಬಾಯಿ ಮುಚ್ಚಿಕೊಂಡಾಗ ಈ ಮರದ ಪೆಟ್ಟಿಗೆಯೊಂದೇ ಮಾತಾಡುತ್ತಿತ್ತು. ಉಕ್ಕಿನ ತಂತಿಯ ಸದ್ದಿಗೆ ಒಂದು ಹೊಳಪಿರುತ್ತದೆ, ಬೆಳಗಿದ ಹಿತ್ತಾಳೆ ಚೊಂಬಿನ ಮೇಲೆ ಬಿಸಿಲು ಬಿದ್ದ ಹಾಗೆ. ಬೆರಳು ತೆಗೆದರೂ ಅದು ಕೂಡಲೇ ಹೋಗುವುದಿಲ್ಲ. "ಕಿವಿ ಇಡು" ಎನ್ನುತ್ತಿದ್ದಳು ಅತ್ತೆ. ನಾನು ಗಿಟಾರಿನ ಪಕ್ಕೆಗೆ ಕೆನ್ನೆ ಒತ್ತುತ್ತಿದ್ದೆ. ಮರ, ಕೊಬ್ಬರಿ ಎಣ್ಣೆ, ಅತ್ತೆಯ ಮಲ್ಲಿಗೆ, ಇವೆಲ್ಲ ಸೇರಿದ ಒಂದು ವಾಸನೆ. ಅವಳು ಎಲ್ಲಕ್ಕಿಂತ ದಪ್ಪ ತಂತಿ ಮೀಟಿದರೆ ನನ್ನ ಹಲ್ಲುಗಳವರೆಗೂ ಗುಂಯ್ ಎನ್ನುತ್ತಿತ್ತು. ಈಗ ನನ್ನ ಹತ್ತಿರ ಒಳ್ಳೆಯ ಹೆಡ್‌ಫೋನ್ ಇದೆ. ಹಾಡು ಕಿವಿಗೆ ಬರುತ್ತದೆ. ಹಲ್ಲಿಗೆ ಬರುವುದಿಲ್ಲ.

ನನಗೂ ಕಲಿಸಲು ನೋಡಿದಳು. ಎಡಗೈ ಬೆರಳುಗಳಿಂದ ಹಲವು ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುತ್ತಾರಲ್ಲ, ಅದಕ್ಕೆ ಅವಳು ಇಟ್ಟ ಹೆಸರು 'ಪಟ್ಟು'. ಕುಸ್ತಿಯ ಪಟ್ಟಿನ ಹಾಗೆ. ಒಂದೇ ಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿಯನ್ನು ಅದುಮುವುದು ಎಲ್ಲಕ್ಕಿಂತ ಕಷ್ಟದ್ದು.

"ಇದಕ್ಕೇನಂತಾರೆ ಅತ್ತೆ?"

"ಅತ್ತೆಮ್ಮನ ಪಟ್ಟು. ಒಂದೇ ಬೆರಳಲ್ಲಿ ಇಡೀ ಮನೇನ ಅದುಮಿ ಇಟ್ಕೊಳೋದು."

ಒಳಗಿನಿಂದ ಲಗ್ಗೆರೆ ಅಜ್ಜಿಯ ದನಿ ಬಂತು: "ಕೇಳಿಸ್ತು ಕಣೇ!"

ಉಕ್ಕಿನ ತಂತಿ ಬೆರಳ ತುದಿಯನ್ನು ಚಾಕುವಿನ ಹಾಗೆ ಕೊರೆಯುತ್ತದೆ. ಮೂರನೆಯ ದಿನಕ್ಕೆ ನಾನು ಅಳುತ್ತಾ ಬಿಟ್ಟೆ. ಅತ್ತೆ ತನ್ನ ಬೆರಳ ತುದಿ ತೋರಿಸಿದಳು. ಒಣಗಿದ ಅವರೆಕಾಳಿನಂತೆ ಗಟ್ಟಿ. "ಮೊದಮೊದಲು ಕಚ್ಚುತ್ತೆ ಕಣೇ. ಆಮೇಲೆ ನಿಂಗೇ ಅಂತ ಒಂದು ಚರ್ಮ ಮಾಡಿಕೊಡುತ್ತೆ" ಎಂದಳು.

ಮೆಟ್ರೋ ಬಂದ ಮೇಲಿನ ಕಥೆಯೊಂದಿದೆ. ನಾನೀಗ ಇರುವುದು ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ. ನಮ್ಮಲ್ಲಿ ರಾಜ್ಯೋತ್ಸವಕ್ಕೆ ಹಾಡಲು ಅತ್ತೆಯನ್ನು ಕರೆದೊಯ್ಯಲು ಹೋಗಿದ್ದೆ. ಪೀಣ್ಯ ಸ್ಟೇಷನ್ನಿನಲ್ಲಿ ತಪಾಸಣೆಯ ಹುಡುಗಿ ಕಪ್ಪು ಪೆಟ್ಟಿಗೆ ನೋಡಿ ತಡೆದಳು.

"ಒಳಗೇನಿದೆ ಮೇಡಂ?"

"ಗಾಳಿ" ಎಂದಳು ಅತ್ತೆ.

"ತಮಾಷೆ ಮಾಡ್ಬೇಡಿ ಮೇಡಂ, ತೆಗೀರಿ."

ಅತ್ತೆ ತೆಗೆದಳು. "ನೋಡಮ್ಮ, ಮರ ಆಚೆ ಇದೆ, ತಂತಿ ಆಚೆ ಇದೆ. ಒಳಗಿರೋದು ಗಾಳಿನೇ ತಾನೆ? ಅದು ಇಲ್ದಿದ್ರೆ ಇದು ಬರೀ ಹಲಗೆ."

"ಹಂಗಾದ್ರೆ ಬಾರ್ಸಿ, ನೋಡಣ."

ಇಂಥ ಮಾತನ್ನು ನಮ್ಮತ್ತೆಗೆ ಹೇಳಬಹುದೇ? ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. ಹಿಂದೆ ಸಾಲು ಬೆಳೆಯಿತು. ಮೇಲೆ ರೈಲು ಬಂದು ಹೋಯಿತು. ಸಾಲಿನಲ್ಲಿದ್ದವರು ಬೈಯುವ ಬದಲು "ಇನ್ನೊಂದು ಅಮ್ಮಾ" ಎಂದರು. ಇನ್ನೊಂದು ರೈಲೂ ಹೋಯಿತು. ಕೊನೆಗೆ ಆ ಹುಡುಗಿ ಪೆಟ್ಟಿಗೆಯನ್ನು ತಾನೇ ಮುಚ್ಚಿಕೊಟ್ಟು, "ಹೋಗ್ಬನ್ನಿ ಅಮ್ಮಾ. ಸಂಜೆ ಬೇಗ ಬನ್ನಿ, ಆಮೇಲೆ ನನ್ನ ಡ್ಯೂಟಿ ಮುಗಿದೋಗುತ್ತೆ" ಎಂದಳು!

ಅಪಾರ್ಟ್‌ಮೆಂಟಿನಲ್ಲಿ ನಮ್ಮ ತರುಣರ ಬ್ಯಾಂಡು ಆಗಲೇ ವೈರುಗಳ ಬಲೆ ಹರಡಿಕೊಂಡು "ಟೆಸ್ಟಿಂಗ್, ಟೆಸ್ಟಿಂಗ್" ಎನ್ನುತ್ತಿತ್ತು. ಅತ್ತೆ ಅವರಲ್ಲೊಬ್ಬನ ತೆಳ್ಳನೆಯ ಎಲೆಕ್ಟ್ರಿಕ್ ಗಿಟಾರನ್ನು ಬಲು ಮರುಕದಿಂದ ಸವರಿ, "ಯಾಕಪ್ಪಾ, ಇದಕ್ಕೆ ಹೊಟ್ಟೆನೇ ಇಲ್ವಲ್ಲ! ಊಟ ಹಾಕಲ್ವಾ?" ಎಂದಳು.

ಹೋದ ವರ್ಷ ಚಳಿ ಶುರುವಾದಾಗ ಅತ್ತೆಯ ಮಗಳ ಫೋನು ಬಂತು. "ಅಮ್ಮನ ಎಡಗೈ ಬೆರಳೆಲ್ಲ ಊದ್ಕೊಂಡಿದೆ ಕಣೇ. ಲೋಟ ಹಿಡಿಯೋಕೂ ಆಗ್ತಿಲ್ಲ."

ಸಂಧಿವಾತ ಎಂದರು ಡಾಕ್ಟರು. ಔಷಧಿಯಿಂದ ಊತ ಇಳಿಯಿತು, ನೋವೂ ತಗ್ಗಿತು. ಬೆರಳುಗಳು ಮಾತ್ರ ಮೊದಲಿನಂತೆ ಬಗ್ಗಲಿಲ್ಲ. ಅತ್ತೆ ಒತ್ತಿದರೆ ತಂತಿ ಗಿಟಾರಿನ ಕತ್ತಿಗೆ ಸರಿಯಾಗಿ ತಾಗದೆ ಗೊರಗೊರ ಎನ್ನುತ್ತಿತ್ತು. ನಾನು ನೈಲಾನ್ ತಂತಿಯ ಗಿಟಾರೊಂದನ್ನು ಒಯ್ದುಕೊಟ್ಟೆ. ಅದರ ತಂತಿ ಮೆತ್ತಗೆ, ಬೆರಳಿಗೆ ಹಿತ. ಅತ್ತೆ ಬಲಗೈಯಲ್ಲಿ ಮೀಟಿ ನೋಡಿ, "ಚೆನ್ನಾಗಿದೆ ಕಣೇ. ತುಂಬಾ ಮರ್ಯಾದಸ್ತ ಸದ್ದು. ಪಕ್ಕದ ಮನೆ ಮಗು ಥರ" ಎಂದು ನನಗೇ ವಾಪಸ್ ಕೊಟ್ಟಳು. ತನ್ನದನ್ನು ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕಿ, ಬೀರುವಿನ ಮೇಲೆ ಇಡಿಸಿದಳು. ಆಗ ಮಾತ್ರ ಜೋಕು ಮಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಗಿದ್ದು.

ಮತ್ತೆ ನಾನು ಲಗ್ಗೆರೆಗೆ ಹೋದದ್ದು ಯುಗಾದಿ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ. ಓಣಿಯ ತಿರುವಿನಲ್ಲೇ ಕೇಳಿಸಿತು. ಅದೇ ಗಿಟಾರು! ಎಡವುತ್ತ, ತಡವರಿಸುತ್ತ, ಮತ್ತೆ ಎದ್ದು ನಡೆಯುತ್ತ ಹಾಡು ಬರುತ್ತಿತ್ತು. ಬೆರಳು ವಾಸಿಯಾಯಿತೆಂದುಕೊಂಡು ಮೆಟ್ಟಿಲನ್ನು ಓಡುತ್ತಾ ಹತ್ತಿದೆ.

ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಮದುವೆಯ ಫೋಟೋದಲ್ಲೂ ಇವರು ಇಷ್ಟು ಹತ್ತಿರ ಕೂತಿದ್ದವರಲ್ಲ. ಗಿಟಾರಿನ ಹೊಟ್ಟೆ ಅತ್ತೆಯ ಮಡಿಲಲ್ಲಿತ್ತು. ಅದರ ಉದ್ದನೆಯ ಕತ್ತು ಮಾವನ ಎದೆಯ ಮುಂದೆ ಹಾದಿತ್ತು. ಅತ್ತೆ ಬಲಗೈಯಲ್ಲಿ ಮೀಟುತ್ತಿದ್ದಳು. ಮಾವ ಎಡಗೈಯಲ್ಲಿ ಪಟ್ಟು ಒತ್ತುತ್ತಿದ್ದರು. ಅವರ ಬೆರಳ ತುದಿಗಳು ಕೆಂಪಗೆ ಬಾತುಕೊಂಡಿದ್ದವು, ಒಂದಕ್ಕೆ ಬ್ಯಾಂಡೇಜ್ ಸುತ್ತಿತ್ತು.

"ನೋವಾದ್ರೆ ಬಿಡಿ ಅಂದೆ" ಎಂದಳು ಅತ್ತೆ.

"ಸುಮ್ನೆ ಹೊಡಿ ನೀನು" ಎಂದರು ಮಾವ.

ನಾನು ಹೊಸಿಲಲ್ಲೇ ನಿಂತೆ. ಹಾಡು ತಿರುಗಬೇಕಾದ ಕಡೆಯೆಲ್ಲ ಮಾವನ ಬೆರಳುಗಳು ಅತ್ತೆ ಹೇಳುವುದಕ್ಕೂ ಮೊದಲೇ ಜಾಗ ಬದಲಿಸುತ್ತಿದ್ದವು. ಒತ್ತುವುದರಲ್ಲಿ ತಪ್ಪುತ್ತಿದ್ದರು. ಎಲ್ಲಿ ಬದಲಿಸಬೇಕೆಂಬುದರಲ್ಲಿ ಒಂದು ಸಲವೂ ತಪ್ಪಲಿಲ್ಲ.

"ಮಾವ, ಎಲ್ಲೆಲ್ಲಿ ಬದಲಾಯಿಸಬೇಕು ಅಂತ ನಿಮಗೆ ಹೆಂಗೆ ಗೊತ್ತು?"

ಮಾವ ತಲೆಯೆತ್ತಲಿಲ್ಲ.

"ಇಷ್ಟು ವರ್ಷ ಬೈಕೊಂಡು ಬೈಕೊಂಡು ಕೇಳಿದೀನಲ್ಲಮ್ಮ... ಕಾರ್ತೀಕದಿಂದ ಮನೇಲಿ ಸದ್ದೇ ಇರ್ಲಿಲ್ಲ. ಊಟ ಸೇರ್ತಿರ್ಲಿಲ್ಲ ನಂಗೆ."

ಅತ್ತೆ ಇನ್ನೊಂದು ಹಾಡು ಶುರು ಮಾಡಿದಳು. ಬಗ್ಗದ ಅವಳ ಎಡಗೈ ಮಾವನ ಮೊಣಕಾಲಿನ ಮೇಲೆ ಕೂತು, ಮೆಲ್ಲಗೆ ತಾಳ ಹಾಕುತ್ತಿತ್ತು.